ಗಾಳವಿಲ್ಲದ ಕೋಲು

೬ ಜನವರಿ ೨೦೨೫, ಸೋಮವಾರ
ನಾರಾಯಣಖೇಡ್

ನಮ್ಮ ಕಾಳುಕಡಿ ಅಂಗಡಿಗೆ ಬೀಜದ ಕಂಪನಿಯವರು ವರ್ಷಕ್ಕೊಂದು ಡೈರಿ ಕೊಡುತ್ತಾರೆ. ಅದರಲ್ಲಿ ನಮ್ಮ ಯಜಮಾನರು ತೊಗರಿ, ಹೆಸರು, ಉದ್ದಿನ ಭಾವ ಬರೆದುಕೊಳ್ಳುತ್ತಿದ್ದರು. ಈ ವರ್ಷ ಬರೆಯುವ ಕೈ ಇಲ್ಲ. ಒಳ್ಳೆಯ ಹಾಳೆ ದಂಡವಾಗಬಾರದೆಂದು ನಾನು ತೆಗೆದುಕೊಂಡೆ. ಬಚ್ಚಿಡುವ ಚಿಂತೆಯಿಲ್ಲ. ಈ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದಲು ಬರುವುದು ಬೀದರಿನಲ್ಲಿ ಶಾಲೆ ಕಲಿತ ನನಗೊಬ್ಬಳಿಗೆ. ಊರು ತೆಲಂಗಾಣದ್ದು, ಇವರು ಕಲಿತದ್ದು ತೆಲುಗಿನಲ್ಲಿ. ಅತ್ತೆ ಕಲಿತದ್ದು ಒಲೆಯ ಮುಂದೆ.

ದಸರೆಯ ಮರುದಿನ ಬೆಳಿಗ್ಗೆ ಇವರ ಕೈಯಿಂದ ಚಹಾದ ಕಪ್ಪು ಜಾರಿತು. ಲಕ್ವಾ ಅಂದರು. ಆಮೇಲೆ ಮಾತು ತಿರುಗಿ ಬಂತು, ಕಾಲು ಬಂತು. ಬಲಗೈ ಅರ್ಧ ದಾರಿಯಲ್ಲಿ ನಿಂತಿದೆ. ಭುಜ ಏಳುತ್ತದೆ, ಮೊಣಕೈ ತುಸು ಮಡಚುತ್ತದೆ, ಬೆರಳು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಜಹೀರಾಬಾದಿನ ಡಾಕ್ಟರು ಉಗಾದಿಯ ತನಕ ಗಡುವು ಕೊಟ್ಟಿದ್ದಾರೆ. ಅಷ್ಟರೊಳಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ವ್ಯಾಯಾಮ ಮಾಡಿಸುವ ಸತೀಶಕುಮಾರ ಹಿಚುಕಲು ಒಂದು ಸ್ಪಂಜಿನ ಚೆಂಡು ಕೊಟ್ಟಿದ್ದಾನೆ. ಇವರು ಅದನ್ನು ಮುಟ್ಟುವುದಿಲ್ಲ. ಕಿಟಕಿಗೆ ಬೆನ್ನು ಮಾಡಿ ಮೊಬೈಲ್ ನೋಡುತ್ತ ಕೂರುತ್ತಾರೆ. ಯಾರಾದರೂ ಮಾತಾಡಿಸಲು ಬಂದರೆ ಕಣ್ಣು ಮುಚ್ಚಿಬಿಡುತ್ತಾರೆ. ಅಂಗಡಿಯನ್ನು ಮುನೀಮ ನೋಡಿಕೊಳ್ಳುತ್ತಿದ್ದಾನೆ.

ನಮ್ಮಿಬ್ಬರ ನಡುವೆ ಮೊದಲೂ ಮಾತು ಕಡಿಮೆಯೇ. ಅಂಗಡಿ ಅವರದು, ಮನೆ ನನ್ನದು. ಜಗಳವೂ ಇರಲಿಲ್ಲ. ಈಗ ಕೈಯ ಜವಾಬ್ದಾರಿ ನನ್ನ ಪಾಲಿಗೆ ಬಂದಿದೆ. ಉಗಾದಿಯೊಳಗೆ ಆ ಕೈಯನ್ನು ಎಬ್ಬಿಸಲೇಬೇಕು. ಅವರಿಗೆ ಮನಸ್ಸಿಲ್ಲದಿದ್ದರೆ ನನಗಿದೆ.

೯ ಜನವರಿ, ಗುರುವಾರ

ಮೊಬೈಲಿನಲ್ಲಿ ದಿನವಿಡೀ ಸುದ್ದಿ ನೋಡುತ್ತಾರೆಂದು ತಿಳಿದಿದ್ದೆ. ಇವತ್ತು ಹಿಂದಿನಿಂದ ಹೋಗಿ ನೋಡಿದರೆ ಮೀನು ಹಿಡಿಯುವುದು. ಯಾವುದೋ ದೇಶದ ಕೆರೆ, ದೋಣಿಯಲ್ಲಿ ನಿಂತ ಟೊಪ್ಪಿಗೆಯವನು, ಕೈಯಲ್ಲಿ ಸಣ್ಣ ಕೋಲು. ಬೀಸಿ ಎಸೆಯುತ್ತಾನೆ, ಸುತ್ತಿಕೊಳ್ಳುತ್ತಾನೆ, ಮತ್ತೆ ಎಸೆಯುತ್ತಾನೆ.

ನಾನು ನಿಂತದ್ದು ಗೊತ್ತಾಗಿ ಇವರು ತಲೆ ಎತ್ತದೆ ಹೇಳಿದರು, "ಇಂಥಾದೊಂದು ಕೋಲು ತರಸು."

ಅತ್ತೆ ಗುರುಲಿಂಗಮ್ಮ ಹತ್ತಿ ಹೊಸೆಯುತ್ತ ಅಲ್ಲೇ ಕೂತಿದ್ದರು. "ಕೊಳ್ಳಾಗ ಲಿಂಗ ಕಟ್ಕೊಂಡು ಕೈಯಾಗ ಮೀನಿನ ಕೋಲ ಹಿಡಿತೀಯೇನೋ ಭೀಮಾಶಂಕರಾ? ಮಂದಿ ಏನಂದಾರು?"

"ಮೀನ ಯಾರಿಗಿ ಬೇಕಾಗ್ಯದ ಅವ್ವಾ? ನನಗ ಬೀಸಿ ಒಗಿಯೂದು ಬೇಕು."

ದಸರೆಯಿಂದ ಈಚೆಗೆ ಬಾಯಿಬಿಟ್ಟು ಬೇಕು ಅಂದದ್ದು ಇದೊಂದೇ. ಅತ್ತೆಗೂ ಅದು ಹೊಳೆಯಿತು. ಬಹಳ ಹೊತ್ತು ಬತ್ತಿ ಹೊಸೆದು ಕೊನೆಗೆ ತೀರ್ಪು ಕೊಟ್ಟರು. "ಗಾಳ ಮಾತ್ರ ಈ ಹೊಸ್ತಿಲ ದಾಟಬಾರದು. ಕೋಲಂದ್ರ ಬರೇ ಕೋಲ."

ನನಗೆ ಕೋಲಿನ ಮೇಲೆ ಪ್ರೀತಿಯಿಲ್ಲ, ದ್ವೇಷವೂ ಇಲ್ಲ. ಚೆಂಡು ಹಿಚುಕದ ಕೈ ಕೋಲು ಹಿಡಿದರೆ ಸಾಕು. ಸತೀಶಕುಮಾರನಿಗೆ ಫೋನ್ ಮಾಡಿದೆ. ಹಿಡಿಸಿರಿ, ಆದರೆ ಅಡುಗೆಯ ಸೌಟಿಗಿಂತ ಭಾರ ಇರಬಾರದು ಅಂದ. ಸೌಟನ್ನು ಅಂಗಡಿಗೆ ಕಳಿಸಿ, ಮಾದರಿ ಕಾಳು ತೂಗುವ ಪುಟ್ಟ ತಕ್ಕಡಿಯಲ್ಲಿ ತೂಗಿಸಿದೆ.

೧೬ ಜನವರಿ, ಗುರುವಾರ

ಸಂಕ್ರಾಂತಿ ಮುಗಿಯಿತು. ಬಸ್ ಸ್ಟ್ಯಾಂಡಿನ ಹಿಂದೆ ಬಲೆ ಮಾರುವ ಮೈಸಮ್ಮನ ಹತ್ತಿರ ಹೋಗಿದ್ದೆ. ಆ ಓಣಿಗೆ ನಾನು ಕಾಲಿಟ್ಟದ್ದು ಮೊದಲ ಸಲ. ಸೆರಗನ್ನು ಮೂಗಿಗೆ ಹಿಡಿದು ನಿಂತಿದ್ದೆ. ಅವಳಲ್ಲಿ ಇದ್ದದ್ದು ಬಿದಿರು ಮಾತ್ರ.

"ಗಾಳ ಎಷ್ಟ ಕೊಡ್ಲಿ ಸಾವಕಾರ್ತಿ?"

"ಗಾಳ ಬ್ಯಾಡ."

ಅವಳು ನನ್ನನ್ನೂ ಬಿದಿರನ್ನೂ ಒಂದೊಂದು ಸಲ ನೋಡಿದಳು. "ಮತ್ತ ಬಟ್ಟಿ ಒಣಗಸಾಕೇನ್ರಿ?"

ಹೌದು ಅಂದುಬಿಟ್ಟೆ. ಬಿದಿರು ಭಾರವಿತ್ತು, ತರಲಿಲ್ಲ.

೨೦ ಜನವರಿ, ಸೋಮವಾರ

ಇವರನ್ನು ತೋರಿಸಲು ಜಹೀರಾಬಾದಿಗೆ ಕರೆದುಕೊಂಡು ಹೋಗಿದ್ದೆ. ಸತೀಶಕುಮಾರ ಬೆರಳು ಹಿಡಿದು ಎಳೆದ, ಮಡಚಿದ, ಏನೋ ಬರೆದುಕೊಂಡ. ಅಷ್ಟರಲ್ಲಿ ನಾನು ಆಟದ ಸಾಮಾನಿನ ಅಂಗಡಿ ಹುಡುಕಿದೆ. ಒಂದರೊಳಗೊಂದು ಸೇರುವ ಮಡಚುಕೋಲುಗಳು ಮೂರು ಇದ್ದವು. ಚೀಲದಿಂದ ನಮ್ಮ ತಕ್ಕಡಿ ತೆಗೆದೆ. ಅಂಗಡಿಯವನು ನಕ್ಕ, ನಗಲಿ. ಮೂರನ್ನೂ ತೂಗಿ ಎಲ್ಲಕ್ಕಿಂತ ಹಗುರಾದದ್ದನ್ನು ತೆಗೆದುಕೊಂಡೆ. ಸೋವಿಯಾಗಿಯೂ ಬಂತು. ನೂಲು ಸುತ್ತುವ ಚಕ್ರ ಅದರ ಜೊತೆಗೇ. ನೂಲಿನ ತುದಿಗೆ ಕಟ್ಟಲು ಸೀಸದ ಗುಂಡು ಕೊಟ್ಟ.

ಬಸ್ಸಿನಲ್ಲಿ ಪಕ್ಕದ ಮನೆಯ ಶಕುಂತಲಾಬಾಯಿ ಸಿಕ್ಕಳು. ಇದೇನು ಅಂದಳು. ಪರದೆ ಹಾಕುವ ಕೋಲು ಅಂದೆ.

೨೧ ಜನವರಿ, ಮಂಗಳವಾರ

ತಕ್ಕಡಿ ಮೋಸ ಮಾಡಿತು. ಹುಟ್ಟಿದಾಗಿನಿಂದ ತಕ್ಕಡಿಯ ಮೇಲೆ ನಂಬಿಕೆ ಇಟ್ಟ ಮನೆ ನಮ್ಮದು. ಮಡಚಿದಾಗ ಗೇಣುದ್ದದ ಆ ಕೋಲು ಬಿಚ್ಚಿದರೆ ಮನೆಯ ಮೇಲಿನ ಬಯಲು ಮಾಳಿಗೆಯ ಅರ್ಧಕ್ಕೆ ಬಂತು. ಭಾರವೆಲ್ಲ ತುದಿಗೆ ಹೋಗಿ ಕೂತಿತು. ಬಟ್ಟೆಯ ಪಟ್ಟಿಯಿಂದ ಇವರ ಬೆರಳುಗಳನ್ನು ಹಿಡಿಕೆಗೆ ಸುತ್ತಿ ಕಟ್ಟಿದೆ. ಒಂದು ಸಲ ಎತ್ತಿದರು. ತುದಿ ಬಾಗಿ ನೆಲಕ್ಕೆ ಬಿತ್ತು, ಅದರ ಹಿಂದೆ ಕೈಯೂ ಬಿತ್ತು.

"ಒಂದ ಕೋಲು ಸೈತ ನಿಲ್ಲವಲ್ದು," ಅಂದರು. ಪಟ್ಟಿಯನ್ನು ಹಲ್ಲಿನಿಂದ ಬಿಚ್ಚಿಕೊಂಡು ಕೆಳಗೆ ಹೋದರು.

ನನಗೆ ಸಿಟ್ಟು ಬಂತು. ಅವರ ಮೇಲೋ ಅಂಗಡಿಯವನ ಮೇಲೋ ತಿಳಿಯಲಿಲ್ಲ.

೨೭ ಜನವರಿ, ಸೋಮವಾರ

ಚೆಂಡು ಇಲ್ಲ. ಕೋಲು ಇಲ್ಲ. ಈಗ ಮೊಬೈಲನ್ನೂ ನೋಡುವುದಿಲ್ಲ.

೮ ಫೆಬ್ರವರಿ, ಶನಿವಾರ
ತಾಂಡೂರು

ಅಣ್ಣ ಕಾಶಿನಾಥನ ಮೊಮ್ಮಗನಿಗೆ ತೊಟ್ಟಿಲು. ಒಬ್ಬಳೇ ಬಂದೆ. ಊಟ ಮುಗಿದ ಮೇಲೆ ಮೀನಿನ ಕೋಲು ಎಲ್ಲಿ ಸಿಗುತ್ತದೆ ಎಂದು ಅಣ್ಣನನ್ನು ಕೇಳಿದೆ. ಹಾಸುಗಲ್ಲಿನ ಧೂಳಿನಲ್ಲಿ ಮೂವತ್ತು ವರ್ಷ ದುಡಿದವನು, ಯಾವುದಕ್ಕೂ ಬೆರಗಾಗುವುದಿಲ್ಲ. ಮೊಬೈಲ್ ಕವರ್ ಮಾರುವ ಧಮ್ಮಪಾಲನ ಅಂಗಡಿಗೆ ಕರೆದುಕೊಂಡು ಹೋದ.

ಒಂದು ಗೋಡೆಗೆ ಮೊಬೈಲ್ ಕವರು, ಇನ್ನೊಂದಕ್ಕೆ ಕೋಲುಗಳು. ಧಮ್ಮಪಾಲ ಮೂವತ್ತರ ಆಸುಪಾಸಿನವನು. ತಾನು ಮೀನು ಹಿಡಿಯುವುದನ್ನು ವಿಡಿಯೋ ಮಾಡಿ ಹಾಕುತ್ತಾನಂತೆ, ಮೊದಲು ಅವನ್ನೇ ನೋಡಬೇಕಾಯಿತು. ನಾನು ತಕ್ಕಡಿ ತೆಗೆದಾಗ ಅದನ್ನು ಬದಿಗಿಟ್ಟ.

"ವಜನ ಇದರಾಗ ತಿಳಿಯಂಗಿಲ್ಲರಿ ಅಕ್ಕಾ." ಒಂದು ಕೋಲಿಗೆ ಚಕ್ರ ಹಾಕಿ, ಚಕ್ರದ ಮುಂದೆ ಬೆರಳಿಟ್ಟು ಎತ್ತಿ ಹಿಡಿದ. ಕೋಲು ಅತ್ತಿತ್ತ ವಾಲದೆ ನಿಂತಿತು. "ಹಿಂಗ ನಿಂತ್ರ ಕೈಗ ಭಾರ ಹತ್ತಂಗಿಲ್ಲ. ತುದಿ ಕೆಳಗ ಹೋದ್ರ ಎಷ್ಟ ಹಗೂರ ಇದ್ರೂ ಕೈ ಸೋಲ್ತದ."

"ಇದು ಯಾವ ಮೀನಿಂದು?"

"ಬಾಸ್ ರಾಡ್ ಅಂತಾರ್ರಿ. ಬಾಸ್ ಅಂದ್ರ ಅಮೇರಿಕಾದ ಮೀನ. ನಮ್ಮ ಮಂಜೀರಾದಾಗ ಇಲ್ಲ. ನಮ್ಮಲ್ಲಿ ಕೊರಮೀನ ಅದ, ಜಗಳಗಂಟ. ಅದಕ್ಕೂ ಇದೇ ನಡೀತದ."

ಮೊದಲು ತೋರಿಸಿದ ಕೋಲಿನ ಬೆಲೆ ಕೇಳಿ ತಿರುಗಿ ಗೋಡೆಗೆ ಹಾಕಿಸಿದೆ. ಎರಡು ತುಂಡಿನ, ಆರೂವರೆ ಅಡಿಯ, ಕಾರ್ಬನ್ನಿನ ಇನ್ನೊಂದು ನಮ್ಮ ಕೈಗೆ ಎಟಕುವಂತಿತ್ತು. ಅಂಥವೇ ಮೂರು ಕೋಲು ತೆಗೆಸಿದೆ. ಸೆರಗಿನಿಂದ ಒಂದೆಳೆ ಕಿತ್ತು ಕೋಲಿನ ಉಂಗುರಗಳಲ್ಲಿ ಒಂದೊಂದಾಗಿ ಹಾಯಿಸಿದೆ. ಮೊದಲನೆಯದರಲ್ಲಿ ಎಳೆ ಸಿಕ್ಕಿತು, ಉಂಗುರ ಒಡೆದಿತ್ತು. ಎರಡನೆಯದು ಜೋಡಿಸಿದಾಗ ಅಲುಗಾಡಿತು. ಮೂರನೆಯದನ್ನು ಇಟ್ಟುಕೊಂಡೆ. ಚೌಕಾಸಿ ಮಾಡದೆ ತಂದರೆ ಅಂಗಡಿಯವರ ಮರ್ಯಾದೆ ಉಳಿಯುವುದಿಲ್ಲ, ಅದನ್ನೂ ಮಾಡಿದೆ.

ಚಕ್ರ ತಿರುಗಿಸುವ ಹಿಡಿಕೆ ಯಾವ ಕಡೆ ಬೇಕು ಎಂದು ಕೇಳಿದ. ಬಲಗೈಯಲ್ಲಿ ಕೋಲು ಹಿಡಿಯುವವರಿಗೆ ಎಡಕ್ಕೆ, ಎಡಗೈಯವರಿಗೆ ಬಲಕ್ಕೆ. ಎಡಕ್ಕೆ ಹಾಕು ಅಂದೆ.

"ಬಲಗೈಯಾಗ ಹಿಡೀತಾರೇನ್ರಿ? ಲಕ್ವಾ ಅಂದ್ರಲ್ಲ."

"ಬರಾಕ ಹತ್ಯದ," ಅಂದೆ.

೧೦ ಫೆಬ್ರವರಿ, ಸೋಮವಾರ

ಅತ್ತೆ ಕೋಲಿನ ಪೆಟ್ಟಿಗೆಯನ್ನು ಅಂಗಳದಲ್ಲೇ ತೆರೆಸಿದರು. ಕನ್ನಡಕ ಹಾಕಿಕೊಂಡು ಉಂಗುರ ಉಂಗುರವನ್ನೂ ಮುಟ್ಟಿ ನೋಡಿದರು. ಕೋಲು ದೇವರ ಕೋಣೆಯ ಮುಂದೆ ಹಾಯಬಾರದೆಂದು ಹಿತ್ತಲ ಮೆಟ್ಟಿಲಿನಿಂದ ಮಾಳಿಗೆಗೆ ಹೋಯಿತು.

ಇವರು ಹಿಡಿದು ನೋಡಿದರು. ಕೆಳಗಿಡಲಿಲ್ಲ. ನಾನು ಮತ್ತೆ ಪಟ್ಟಿಯಿಂದ ಅವರ ಬೆರಳು ಕಟ್ಟಿದೆ. ಭುಜದಿಂದ ಬೀಸಿದರು. ಗುಂಡು ಪಕ್ಕದ ಮಾಳಿಗೆಯಲ್ಲಿ ಒಣಗಲು ಹಾಕಿದ್ದ ಶಕುಂತಲಾಬಾಯಿಯ ಹಪ್ಪಳದ ಮೇಲೆ ಬಿತ್ತು. ಹೋಗಿ ಕ್ಷಮೆ ಕೇಳಿ ಬಂದೆ. ಪರದೆಯ ಕೋಲಿನ ಸುಳ್ಳು ಅಲ್ಲಿಗೆ ಮುಗಿಯಿತು.

೧೯ ಫೆಬ್ರವರಿ, ಬುಧವಾರ

ದಿನಾ ಸಂಜೆ ಮಾಳಿಗೆಗೆ ಹೋಗುತ್ತಾರೆ. ನೀರು ತುಂಬಿಟ್ಟ ಪ್ಲಾಸ್ಟಿಕ್ ಬುಟ್ಟಿ ಗುರಿ. ಭುಜಕ್ಕೆ ಬಲ ಬಂದಿದೆ. ಬೆರಳು ಇಲ್ಲ. ಪಟ್ಟಿ ಬಿಚ್ಚಿದರೆ ಕೋಲು ಜಾರುತ್ತದೆ. ನಾನು ದಿನಾ ಬಿಚ್ಚಿ ನೋಡುತ್ತೇನೆ.

೨೬ ಫೆಬ್ರವರಿ, ಬುಧವಾರ

ಶಿವರಾತ್ರಿ. ಉಪವಾಸ. ಪಟ್ಟಿ ಬಿಚ್ಚಿ ನೋಡಿದೆ. ಜಾರಿತು.

೯ ಮಾರ್ಚ್, ಭಾನುವಾರ

ಬರೆಯಬಾರದು ಅಂದುಕೊಂಡಿದ್ದೆ, ಬರೆಯುತ್ತಿದ್ದೇನೆ.

ಬುಟ್ಟಿ ಬೇಸರವಾಯಿತು, ನೀರಿಗೆ ಹೋಗೋಣ ಅಂದರು. ಆಟೋ ಮಾಡಿಕೊಂಡು ಮನೂರಿನ ಕಡೆಯ ಮಂಜೀರಾ ಹಿನ್ನೀರಿಗೆ ಹೋದೆವು. ನೀರು ಹಿಂದೆ ಸರಿದು ದಂಡೆಯಲ್ಲಿ ಹಸಿರು ಬಂದಿತ್ತು. ಮಾಳಿಂಗಪ್ಪ ಎಂಬ ಮುದುಕ ಕುರಿ ಮೇಯಿಸುತ್ತಿದ್ದ. ಇವರು ಎರಡು ಸಲ ಎಸೆದರು, ಎರಡೂ ಸಲ ಗುಂಡು ಕಾಲಬುಡದಲ್ಲೇ ಬಿತ್ತು. ಮುದುಕ ಹತ್ತಿರ ಬಂದು ನೂಲಿನ ತುದಿ ನೋಡಿದ.

"ಗಾಳ ಮರ್ತ ಬಂದೀರೇನ್ರಿ ಸಾವಕಾರ್ರ?"

"ಮರ್ತಿಲ್ಲ. ನಾವು ಮೀನ ತಿನ್ನಂಗಿಲ್ಲ."

"ಮತ್ತ ಯಾಕ ಬಂದೀರಿ?"

"ಒಗಿಯಾಕ."

ಮಾಳಿಂಗಪ್ಪ ಸ್ವಲ್ಪ ಯೋಚಿಸಿದ. "ಒಗಿಯಾಕಂದ್ರ ಕಲ್ಲ ಒಗೀರಿ. ಕಲ್ಲ ಪುಕಟ ಅವ."

ನನಗೆ ನಾಚಿಕೆಯಾಯಿತು. ನೀರಿನ ಬಾಟಲಿ ತರುವ ನೆವದಲ್ಲಿ ಆಟೋದ ಕಡೆ ಹೋದೆ. ತಿರುಗಿ ನೋಡಿದರೆ ಇವರು ಪಟ್ಟಿ ಬಿಚ್ಚಿ ಕೋಲನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಚಕ್ರದ ಮೇಲಿನ ತಂತಿಯ ಬಿಲ್ಲನ್ನು ಎಡಗೈಯಿಂದ ತೆರೆಯುತ್ತಿದ್ದರು. ಆ ಬಿಲ್ಲು ತೆರೆದರೆ ಮಾತ್ರ ನೂಲು ಬಿಚ್ಚುತ್ತದೆ. ಆಮೇಲೆ ಎಡಗೈಯಿಂದಲೇ ಬೀಸಿದರು. ಗುಂಡು ಬಹಳ ದೂರ ಹೋಗಿ ಬಿತ್ತು. ಅದು ಮೊದಲ ಸಲ ಮಾಡುವ ಕೈಯಲ್ಲ. ನಾನಿಲ್ಲದಾಗ ಮಾಳಿಗೆಯ ಮೇಲೆ ರೂಢಿ ಮಾಡಿಕೊಂಡಿದ್ದಾರೆ.

ಓಡಿ ಹೋಗಿ ಕೋಲು ಕಸಿದುಕೊಂಡೆ. "ಎಡಗೈಲೆ ಮಾಡ್ಕೋತ ಹೋದ್ರ ಬಲಗೈ ಸೋಮಾರಿ ಆಗ್ತದಂತ ಸತೀಶಕುಮಾರ ಹೇಳಿಲ್ಲೇನ್ರಿ ನಿಮಗ?"

"ಮಹಾನಂದಾ, ಈ ಕೈ ಬರೂದಿಲ್ಲ. ನನಗ ದೀಪಾವಳಿಗೇ ಗೊತ್ತಾಗ್ಯದ. ನಿನಗೊಬ್ಬಾಕಿಗೇ ಗೊತ್ತಾಗವಲ್ದು."

"ನಿಮಗ ಮನಸಿಲ್ಲ. ಅದಕ್ಕ ಬರವಲ್ದು."

"ಮನಸಿಲ್ಲಂದ್ರ ಇಲ್ಲಿತನ ಬರ್ತಿದ್ದೆನೇನು?"

ಮಾಳಿಂಗಪ್ಪ ಕುರಿಗಳನ್ನು ಹೊಡೆದುಕೊಂಡು ದೂರ ಹೋದ. ಕೋಲನ್ನು ನಾನೇ ಹಿಡಿದುಕೊಂಡು ಆಟೋ ಹತ್ತಿದೆ. ಉಗಾದಿ ಇನ್ನೂ ಇದೆ. ಗಡುವು ಮುಗಿಯುವ ಮೊದಲೇ ಇವರು ಕೈ ಬಿಟ್ಟರು, ನನ್ನನ್ನು ಒಂದು ಮಾತು ಕೇಳದೆ.

೧೪ ಮಾರ್ಚ್, ಶುಕ್ರವಾರ

ಮಾತಿಲ್ಲ. ಕೋಲು ಮಾಳಿಗೆಯ ಮೂಲೆಯಲ್ಲಿದೆ. ಇವರು ಮತ್ತೆ ಕಿಟಕಿಗೆ ಬೆನ್ನು ಹಾಕಿದ್ದಾರೆ. ಅತ್ತೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ ಹೇಳಿದರು, "ಅವ ಮಾಳಿಗಿಗಿ ಹೋಗೂದು ಬಿಟ್ಟಾನವ್ವಾ."

ನನಗೆ ಗೊತ್ತು ಅಂದೆ.

೨೨ ಮಾರ್ಚ್, ಶನಿವಾರ

ಮಾಳಿಗೆಗೆ ಕಾಳು ಒಣಹಾಕಲು ಹೋದವಳು ಕೋಲು ತೆಗೆದು ನೋಡಿದೆ. ಎಡಗೈಯಲ್ಲಿ ಹಿಡಿದು ಬೀಸಿದೆ. ಬೀಸಬಹುದು. ಆದರೆ ಸುತ್ತುವ ಹಿಡಿಕೆಯೂ ಎಡಕ್ಕೇ ಇದೆ. ಅವರು ಪ್ರತಿ ಸಲ ಕೋಲನ್ನು ಮೊಣಕಾಲಿನಲ್ಲಿ ಸಿಕ್ಕಿಸಿ ಸುತ್ತಬೇಕು. ಅಷ್ಟರಲ್ಲಿ ಗುಂಡು ತಳಕ್ಕೆ ಹೋಗಿ ಪಾಚಿಯಲ್ಲಿ ಹೂತುಹೋಗುತ್ತದೆ. ಹಿಡಿಕೆ ಬಲಕ್ಕಿದ್ದರೆ, ಬಲಗಡೆ ಇನ್ನೊಬ್ಬರು ಕೂತು ಸುತ್ತಬಹುದು.

ಧಮ್ಮಪಾಲನಿಗೆ ಫೋನ್ ಮಾಡಿದೆ.

"ಹಿಡಿಕಿ ಬಲಕ್ಕ ಹಾಕೂದು ಹ್ಯಾಂಗಪ್ಪಾ?"

"ಈ ಕಡಿ ಟೊಪ್ಪಗಿ ಬಿಚ್ರಿ ಅಕ್ಕಾ, ಆ ಕಡಿ ಹಿಡಿಕಿ ತಿರುವಿ ಜಗ್ಗ್ರಿ, ಅದಲಿ ಬದಲಿ ಹಾಕ್ರಿ. ಅಷ್ಟ." ಆಮೇಲೆ ತಡೆದು ಕೇಳಿದ, "ಬಲಗೈ ಬರಲಿಲ್ಲೇನ್ರಿ?"

"ಇಲ್ಲಪ್ಪಾ. ಬರೂದಿಲ್ಲ."

ಬಾಯಿಂದ ಬಂದುಬಿಟ್ಟಿತು. ಫೋನ್ ಇಟ್ಟು ಹಿಡಿಕೆ ತಿರುಗಿಸುವಾಗ ಅಳು ಬಂತು. ತೊಗರಿಯ ರಾಶಿಯ ಪಕ್ಕದಲ್ಲಿ ಕೂತು, ಯಾರಿಗೂ ಕೇಳಿಸದ ಹಾಗೆ ಸೆರಗು ಕಚ್ಚಿಕೊಂಡು ಅತ್ತುಬಿಟ್ಟೆ. ಹಿಡಿಕೆ ಬಲಕ್ಕೆ ಬಂದು ಗಟ್ಟಿಯಾಗಿ ಕೂತಿತು. ಕಣ್ಣೊರೆಸಿಕೊಂಡು ಕೆಳಗೆ ಹೋಗಿ ಅವರ ಮಂಚದ ಮೇಲೆ ಕೋಲು ಇಟ್ಟೆ. ಅವರು ಚಕ್ರವನ್ನು ನೋಡಿದರು, ಹಿಡಿಕೆಯನ್ನು ನೋಡಿದರು, ಆಮೇಲೆ ನನ್ನನ್ನು.

"ಸುತ್ತಾವರು ಯಾರು?" ಅಂದರು.

"ನಾ ಸುತ್ತತೀನಿ."

೩೦ ಮಾರ್ಚ್, ಭಾನುವಾರ

ಉಗಾದಿ. ಬೇವು ಬೆಲ್ಲ ಆಯಿತು, ಹೋಳಿಗೆ ಆಯಿತು. ನಿನ್ನೆ ಧಮ್ಮಪಾಲ ಕಳಿಸಿದ ರಬ್ಬರಿನ ಕಪ್ಪೆ ಬಂತು. ಪಾಚಿಯ ಮೇಲೆ ಸೀಸದ ಗುಂಡು ನಡೆಯುವುದಿಲ್ಲ, ಮುಳುಗುತ್ತದೆ. ಕಪ್ಪೆ ತೇಲುತ್ತದೆ. ಅದರ ಹೊಟ್ಟೆಯಲ್ಲಿದ್ದ ಜೋಡಿ ಗಾಳವನ್ನು ಕತ್ತರಿಸಿ ತೆಗೆದು ಕಳಿಸಿದ್ದಾನೆ. ಹಾಗೆ ಮಾಡಿದ್ದಕ್ಕೆ ಫೋನಿನಲ್ಲಿ ಬಹಳ ಸಂಕಟಪಟ್ಟ. ಅತ್ತೆ ಕಪ್ಪೆಯ ಹೊಟ್ಟೆ ಅಮುಕಿ ಪರೀಕ್ಷೆ ಮಾಡಿ ಪಾಸು ಮಾಡಿದರು.

ಮಧ್ಯಾಹ್ನ ಮೂರಕ್ಕೆ ಹಿನ್ನೀರಿಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಬಂದೆವು. ಮೊದಲು ಬಿಲ್ಲನ್ನು ನಾನು ತೆರೆಯಬೇಕು, ಅವರು ನೂಲನ್ನು ಎಡಗೈಯ ತೋರುಬೆರಳಿನಲ್ಲಿ ಹಿಡಿದು ಬೀಸಬೇಕು. ಬಿದ್ದ ಕೂಡಲೇ ನಾನು ಸುತ್ತಬೇಕು. ನಾನು ಜೋರಾಗಿ ಸುತ್ತುತ್ತೇನೆಂದು ತಕರಾರು. "ಕಪ್ಪಿ ಅದು, ಮೋಟರ್‌ಸೈಕಲ್ ಅಲ್ಲ," ಅಂದರು. ತುದಿ ಮೆತ್ತಗಿರುವ ಈ ಕೋಲಿಗೆ ಕಪ್ಪೆ ತುಸು ಭಾರವೇ ಆಯಿತು. ಇನ್ನೊಂದು ನಂಬರು ಗಟ್ಟಿ ತುದಿಯದಾದರೆ ಬರಾಬರ್ ಆಗುತ್ತಿತ್ತು. ತಾಂಡೂರಿಗೆ ಹೋದಾಗ ನೋಡಬೇಕು. ಕೋಲನ್ನು ಬಿಚ್ಚದೆ ಹಾಗೇ ಭುಜಕ್ಕೊರಗಿಸಿಕೊಂಡು ಓಣಿಯಲ್ಲಿ ಬಂದೆ, ಬಿಚ್ಚಿ ಜೋಡಿಸಿದರೆ ಕೀಲು ಸವೆಯುತ್ತದೆ.

ಅತ್ತೆ ಬಾಗಿಲಲ್ಲೇ ಕೇಳಿದರು, "ಎಷ್ಟ ದೂರ ಹೋತು?"

೬ ಏಪ್ರಿಲ್, ಭಾನುವಾರ

ಹಿನ್ನೀರು ಇನ್ನಷ್ಟು ಹಿಂದಕ್ಕೆ ಹೋಗಿದೆ. ದಂಡೆಯ ಬಂಡೆಯ ಮೇಲೆ ಕೂತೆವು, ಅವರು ಎಡಕ್ಕೆ, ನಾನು ಅವರ ಬಲಗೈಯ ಪಕ್ಕಕ್ಕೆ. ಬಲಗೈ ನನ್ನ ತೊಡೆಯ ಮೇಲಿತ್ತು. ಜೊಂಡಿನ ಹತ್ತಿರ ನೀರು ಸಣ್ಣಗೆ ಕುದಿಯುವಂತೆ ಕಾಣುತ್ತಿತ್ತು. ಕೊರಮೀನಿನ ಮರಿಗಳು, ತಾಯಿ ಕೆಳಗೇ ಇರ್ತದ, ಹತ್ತಿರ ಯಾರನ್ನೂ ಬಿಡೂದಿಲ್ಲ ಎಂದು ಮಾಳಿಂಗಪ್ಪ ದೂರದಿಂದಲೇ ಹೇಳಿದ. ನಮಗೆ ಗಾಳ ಬೇಡವೆಂಬುದಕ್ಕೆ ಅವನು ಹೊಂದಿಕೊಂಡಿದ್ದಾನೆ.

ಅವರು ಎಸೆದರು. ಕಪ್ಪೆ ಜೊಂಡಿನ ಆಚೆ ಬಿತ್ತು. ನಾನು ಮೆಲ್ಲಗೆ ಸುತ್ತಿದೆ. ಮರಿಗಳ ಮೇಲೆ ಹಾಯುವಾಗ ನೀರು ಒಡೆಯಿತು. ಕಪ್ಪೆ ಕಾಣಲಿಲ್ಲ. ಕೋಲು ಅರ್ಧಚಂದ್ರವಾಗಿ ಬಾಗಿತು, ಅವರು ಕುಳಿತಲ್ಲಿಂದ ಎಳೆತಕ್ಕೆ ಮುಂದಕ್ಕೆ ಜಾರಿದರು. ನಾನು ಒಂದು ಕೈಯಿಂದ ಅವರ ಅಂಗಿ ಹಿಡಿದೆ, ಇನ್ನೊಂದರಿಂದ ಹಿಡಿಕೆ.

"ಸುತ್ತು," ಅಂದರು.

"ಸುತ್ತವಲ್ದು, ಅದು ಎಳೀಲಿಕತ್ಯದ."

"ಎಳೀಲಿ. ಬಿಡಬ್ಯಾಡ."

ಮೀನಿಗೆ ಗಾಳವಿಲ್ಲ ಎಂದು ತಿಳಿಯದು. ಕಪ್ಪೆಯನ್ನು ಕಚ್ಚಿ ಹಿಡಿದಿತ್ತು, ತನ್ನ ಹಟಕ್ಕೆ ಹಿಡಿದಿತ್ತು. ಚಕ್ರ ಕಿರ್ರೆಂದು ಹಿಂದಕ್ಕೆ ತಿರುಗಿತು. ಆ ಎಳೆತ ಕೋಲಿನಿಂದ ಇಳಿದು ಹಿಡಿಕೆಯಲ್ಲಿ ನನ್ನ ಮುಂಗೈಯವರೆಗೆ ಬಂತು. ಅವರು ಹಲ್ಲು ಕಚ್ಚಿದ್ದರು, ಎಡಗೈಯ ನರ ಎದ್ದಿತ್ತು, ಮುಖದ ಮೇಲೆ ನೀರು ಸಿಡಿದಿತ್ತು. ನೀರಿನಿಂದ ಒಂದು ಕಪ್ಪು ಬೆನ್ನು ಮೇಲೆದ್ದು ಹೊರಳಿತು. ನಂತರ ನೂಲು ಸಡಿಲಾಯಿತು. ಬಿಟ್ಟು ಹೋಯಿತು.

ಕಪ್ಪೆಯನ್ನು ಸುತ್ತಿ ತಂದೆ. ಮೈ ತುಂಬ ಹಲ್ಲಿನ ಗೀರು. ಇಬ್ಬರಿಗೂ ಏದುಸಿರು ಹತ್ತಿತ್ತು. ಅವರು ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು.

"ಜಡ್ಡಿಗಿ ಬಿದ್ದಾಗಿಂದ ಎಲ್ಲಾರೂ ನನ್ನ ಮೆಲ್ಲಕ ಹಿಡಿತಾರ," ಅಂದರು. "ಅದಕ್ಕ ಗೊತ್ತಿಲ್ಲ ನೋಡು, ನನಗ ಲಕ್ವಾ ಹೊಡದದ್ದು."

ಅಷ್ಟು ಹೊತ್ತು ನನಗೂ ನೆನಪಿರಲಿಲ್ಲ. ಅದನ್ನು ಅವರಿಗೆ ಹೇಳಿದೆ. ಆಮೇಲೆ ಕಪ್ಪೆಯ ಹೊಟ್ಟೆಯೊಳಗಿನ ನೀರು ಹಿಂಡಿ, ಬಿಲ್ಲು ತೆರೆದು ಕೊಟ್ಟೆ. ಅವರು ಮತ್ತೆ ಎಸೆದರು.